ಮನೆಯ ಗುಟ್ಟು, ಊರ ಕಣ್ಣು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಆಡಿದ ಮಾತನ್ನು ಮರಳಿ ಪಡೆಯಲಾಗದು ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಆ ಗಾದೆ ಹುಟ್ಟಿದ ಕಾಲದಲ್ಲಿ ಆಡಿದ ಮಾತು ಜಗಲಿಯಿಂದ ಜಗಲಿಗೆ, ಹೆಚ್ಚೆಂದರೆ ಸಂತೆಯಿಂದ ಸಂತೆಗೆ ಹೋಗುತ್ತಿತ್ತು. ಹೋಗುವ ದಾರಿಯಲ್ಲೇ ಅರ್ಧ ಸವೆದು, ಕೆಲವು ವರ್ಷಗಳಲ್ಲಿ ಮರೆತೂ ಹೋಗುತ್ತಿತ್ತು. ಇಂದು ಹಾಗಿಲ್ಲ. ಅಂತರಸನಹಳ್ಳಿಯ ಮಾರುಕಟ್ಟೆಯಲ್ಲಿ ನಿಂತು ತೆಗೆದ ಚಿತ್ರವೊಂದು, ಅಲ್ಲಿಂದ ತರಕಾರಿ ಹೊತ್ತು ಹೊರಟ ಲಾರಿ ಶಿರಾ ತಲುಪುವ ಮೊದಲೇ ಕುವೈತಿನಲ್ಲಿರುವ ನೆಂಟರ ಕೈಸೇರುತ್ತದೆ. ಅವರು ಅದನ್ನು ಯಾರಿಗೆ ಕಳುಹಿಸುವರೋ ಕಳುಹಿಸಿದವನಿಗೇ ತಿಳಿಯದು.

ಒಂದು ತಲೆಮಾರಿನ ಹಿಂದೆ ಕುಟುಂಬದ ಭಾವಚಿತ್ರಗಳು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಆಲ್ಬಮ್ಮಿನೊಳಗೆ ಇರುತ್ತಿದ್ದವು. ನೆಂಟರು ಬಂದಾಗ ಮನೆಯ ತಾಯಿ ಅದನ್ನು ಹೊರತೆಗೆದು, ತಾನೂ ಪಕ್ಕದಲ್ಲಿ ಕುಳಿತು ಪುಟ ತಿರುವುತ್ತಿದ್ದಳು. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ, ಯಾವ ಪುಟವನ್ನು ಬೇಗನೆ ತಿರುವಿಬಿಡಬೇಕು ಎಂಬ ವಿವೇಕ ಆಕೆಗಿತ್ತು. ಆ ತಾಯಿಯನ್ನು ಯಾರೂ ಮುಚ್ಚುಮರೆಯವಳೆಂದು ದೂಷಿಸಲಿಲ್ಲ. ಈಗ ಆಲ್ಬಮ್ಮು ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿಗೆ, ವಾಟ್ಸಾಪಿನ ಸ್ಟೇಟಸ್ಸಿಗೆ ಬಂದಿದೆ. ಪುಟ ತಿರುವುವ ತಾಯಿ ಮಾತ್ರ ಪಕ್ಕದಲ್ಲಿಲ್ಲ.

ಸಾಮಾಜಿಕ ಜಾಲತಾಣಗಳಲ್ಲಿ ನಮ್ಮ ಮಾನ, ನಮ್ಮ ಹಣ, ನಮ್ಮ ಹೆಸರುಗಳನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಹೇಳುವವರು ಅನೇಕರಿದ್ದಾರೆ. ಅದು ಅಗತ್ಯವೇ. ಆದರೆ ಅದು ಅರ್ಧ ಮಾತ್ರ. ಉಳಿದರ್ಧವನ್ನು ಕುರಿತು ಈ ವಾರ ಆಲೋಚಿಸೋಣ: ನಮ್ಮ ಕೈಯಲ್ಲಿರುವ ಫೋನಿನಲ್ಲಿ ನಮ್ಮ ಗುಟ್ಟಿಗಿಂತ ಹೆಚ್ಚಾಗಿ ಇತರರ ಗುಟ್ಟು ತುಂಬಿದೆ. ಅದನ್ನು ಕಾಯುವ ಹೊಣೆಯೂ ನಮ್ಮದೇ.

ಗುಟ್ಟು ಎಂದರೆ ಕಪಟವೇ?

"ತಪ್ಪು ಮಾಡದವನಿಗೆ ಮುಚ್ಚಿಡಲು ಏನಿದೆ?" ಎಂದು ಕೆಲವರು ಕೇಳುವುದುಂಟು. ಮೇಲ್ನೋಟಕ್ಕೆ ಈ ಪ್ರಶ್ನೆ ಪ್ರಾಮಾಣಿಕವಾಗಿ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದರಲ್ಲೊಂದು ದೋಷವಿದೆ. ಮುಚ್ಚಿಡುವುದೆಲ್ಲವೂ ತಪ್ಪೇ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ. ಸ್ನಾನಕ್ಕೆ ಹೋಗುವವನು ಬಾಗಿಲು ಹಾಕಿಕೊಳ್ಳುವುದು ತಪ್ಪು ಮಾಡಲೆಂದಲ್ಲ. ಮಗ ಪರೀಕ್ಷೆಯಲ್ಲಿ ನಪಾಸಾದಾಗ ತಂದೆ ಆ ಸುದ್ದಿಯನ್ನು ಬೀದಿಯಲ್ಲಿ ಸಾರದಿರುವುದು ಕಪಟವಲ್ಲ. ಮಗನ ಮೇಲಿನ ಕರುಣೆ.

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ವೀರಣ್ಣನವರು ನಾಡಿನಾದ್ಯಂತ ಹೆಸರಾಗುವಂತೆ ಬೆಳೆಸಿದರು. ನಾಟಕಕ್ಕೆ ರಂಗವೆಷ್ಟು ಅವಶ್ಯವೋ ನೇಪಥ್ಯವೂ ಅಷ್ಟೇ ಅವಶ್ಯ. ರಂಗದ ಮೇಲೆ ರಾಜನಾಗಿ ಮೆರೆದವನು ಪರದೆಯ ಹಿಂದೆ ಬಂದು ಕಿರೀಟ ಕೆಳಗಿಟ್ಟು, ಬೆವರೊರೆಸಿಕೊಂಡು, ಮರೆತ ಮಾತನ್ನು ಮತ್ತೊಮ್ಮೆ ಬಾಯಿಪಾಠ ಮಾಡಿಕೊಳ್ಳುತ್ತಾನೆ. ಅಲ್ಲಿಗೂ ಪ್ರೇಕ್ಷಕರನ್ನು ಬಿಟ್ಟರೆ ಪಾತ್ರವೂ ಉಳಿಯದು, ನಟನೂ ಉಳಿಯನು. ಮನುಷ್ಯನ ಬಾಳಿಗೂ ಇಂತಹ ನೇಪಥ್ಯವೊಂದು ಬೇಕು. ಅತ್ತು ಹಗುರಾಗಲು, ತಪ್ಪಿದ್ದನ್ನು ತಿದ್ದಿಕೊಳ್ಳಲು, ಇನ್ನೂ ಹಣ್ಣಾಗದ ಆಲೋಚನೆಯನ್ನು ಹಣ್ಣಾಗಿಸಿಕೊಳ್ಳಲು ಅವನಿಗೆ ಪರದೆಯ ಮರೆ ಬೇಕು.

ಮನೆಯ ಬದುಕು ಬೇರೆ, ನಗರದ ಸಾರ್ವಜನಿಕ ಬದುಕು ಬೇರೆ ಎಂಬುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಬಹು ಹಿಂದೆಯೇ ವಿವೇಚಿಸಿದ್ದನು. ನಮ್ಮ ಭಾಷೆಯಲ್ಲಂತೂ ಈ ವಿಚಾರ ಒಂದು ಪದದಲ್ಲೇ ಅಡಗಿದೆ. ಮನುಷ್ಯನನ್ನು ನಾವು 'ವ್ಯಕ್ತಿ' ಎನ್ನುತ್ತೇವೆ. ವ್ಯಕ್ತವಾದುದು, ಕಾಣಿಸಿಕೊಂಡುದು ಎಂಬ ಅರ್ಥ ಅದಕ್ಕಿದೆ. ಆದರೆ ಯಾವ ವ್ಯಕ್ತಿಯೂ ಪೂರ್ತಿಯಾಗಿ ವ್ಯಕ್ತವಾಗುವುದಿಲ್ಲ. ಅವ್ಯಕ್ತವಾಗಿ ಉಳಿಯುವ ಭಾಗವೊಂದು ಪ್ರತಿಯೊಬ್ಬರಲ್ಲಿಯೂ ಇದೆ. ಅದನ್ನು ಯಾವಾಗ, ಯಾರಿಗೆ, ಎಷ್ಟು ತೆರೆದು ತೋರಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರ ಆ ವ್ಯಕ್ತಿಗೇ ಸೇರಿದ್ದು. ಗೌಪ್ಯತೆ ಎಂದರೆ ಇದೇ. ಅದನ್ನು ಕಸಿದುಕೊಳ್ಳುವುದೆಂದರೆ ಮನುಷ್ಯನನ್ನು ವಸ್ತುವನ್ನಾಗಿ ಮಾಡುವುದು.

ನಮ್ಮ ನಾಡಿನ ಒಬ್ಬ ಹಿರಿಯರು

ಈ ಅಧಿಕಾರ ಭಾರತದಲ್ಲಿ ಕಾನೂನಿನ ಮನ್ನಣೆ ಪಡೆದದ್ದು ಕರ್ನಾಟಕದ ಹಿರಿಯರೊಬ್ಬರ ಹಟದಿಂದ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಿಚಾರಣೆಯ ನಡುವೆ ಮೂಲಭೂತವಾದ ಪ್ರಶ್ನೆಯೊಂದು ತಲೆಯೆತ್ತಿತು: ನಮ್ಮ ಸಂವಿಧಾನದಲ್ಲಿ ಗೌಪ್ಯತೆಯ ಹಕ್ಕು ಎಂಬುದೊಂದು ಇದೆಯೇ? ಇಲ್ಲವೆಂಬ ಅರ್ಥ ಬರುವಂತೆ 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠವೂ, 1962ರಲ್ಲಿ ಆರು ನ್ಯಾಯಮೂರ್ತಿಗಳ ಪೀಠವೂ ಹೇಳಿದ್ದವು. ಅವನ್ನು ಮರುಪರಿಶೀಲಿಸಲು ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕೂರಬೇಕಾಯಿತು.

2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ ತೀರ್ಪಿತ್ತರು: ಗೌಪ್ಯತೆಯು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕು ಮತ್ತು ವೈಯಕ್ತಿಕ ಸ್ವಾತಂತ್ರ್ಯದೊಳಗೇ ಅಡಗಿರುವ ಮೂಲಭೂತ ಹಕ್ಕು. ಹಳೆಯ ತೀರ್ಪುಗಳ ಆ ಭಾಗಗಳು ರದ್ದಾದವು. ಆ ಪೀಠದಲ್ಲಿ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ದೇಶದ ಪ್ರತಿಯೊಬ್ಬ ಪ್ರಜೆಯ ಹಕ್ಕಿಗೆ ಆಧಾರವಾದ ಮೊಕದ್ದಮೆ ಇಂದಿಗೂ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಇದರ ಬೆನ್ನಿಗೇ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು; 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ನಮ್ಮ ವಿವರಗಳನ್ನು ಸಂಗ್ರಹಿಸುವ ಸಂಸ್ಥೆಗಳು ನಮ್ಮ ಒಪ್ಪಿಗೆ ಪಡೆಯಬೇಕು, 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆ ಬೇಕು, ತಪ್ಪಿದರೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಬಹುದು ಎಂದು ಕಾಯಿದೆ ಹೇಳುತ್ತದೆ.

ಹಾಗಾದರೆ ಕಾನೂನೇ ನಮ್ಮನ್ನು ಕಾಯುವುದಲ್ಲವೇ ಎಂದು ನೆಮ್ಮದಿಯಿಂದ ಇರಬಹುದೇ? ಇಲ್ಲ. ಅದೇ ಕಾಯಿದೆಯ 3ನೆಯ ಪ್ರಕರಣವನ್ನು ಓದಿದವರಿಗೆ ಎರಡು ಸಂಗತಿ ತಿಳಿಯುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಬಳಸುವ ವಿವರಗಳಿಗೆ ಈ ಕಾಯಿದೆ ಅನ್ವಯಿಸದು. ಯಾರಾದರೂ ತಾವಾಗಿಯೇ ತಮ್ಮ ವಿವರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿಕೊಂಡಿದ್ದರೆ ಅದಕ್ಕೂ ಅನ್ವಯಿಸದು. ಎಂದರೆ, ಸರ್ಕಾರ ಮತ್ತು ಕಂಪನಿಗಳ ಎದುರು ನಮಗೆ ರಕ್ಷಣೆಯಿದೆ. ನಮ್ಮದೇ ಅವಸರದಿಂದ, ನಮ್ಮದೇ ನೆಂಟರ ಅಕ್ಕರೆಯಿಂದ ನಮ್ಮನ್ನು ರಕ್ಷಿಸುವ ಸಾಧನ ಈ ಕಾಯಿದೆಯಲ್ಲಿಲ್ಲ. ಅದು ಹೊಸ್ತಿಲ ಹೊರಗೆ ನಿಲ್ಲುತ್ತದೆ. ಒಳಗಿನದನ್ನು ಮನೆಯವರೇ ನೋಡಿಕೊಳ್ಳಬೇಕು.

ಮರೆಯಲಾರದ ಯಂತ್ರ

ಹಳೆಯ ದಿನಪತ್ರಿಕೆ ಮರುದಿನವೇ ಕಡಲೆಕಾಯಿಯ ಪೊಟ್ಟಣವಾಗುತ್ತಿತ್ತು. ಪತ್ರಿಕೆಯಲ್ಲಿ ಬಂದ ಅಪಮಾನವೂ ಅದರೊಂದಿಗೆ ಮಣ್ಣುಪಾಲಾಗುತ್ತಿತ್ತು. ಅಂತರಜಾಲಕ್ಕೆ ಆ ಉದಾರತೆಯಿಲ್ಲ. ಅದು ಏನನ್ನೂ ತಾನಾಗಿ ಮರೆಯದು.

2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ತಂದೆಯೊಬ್ಬರ ಅರ್ಜಿ ವಿಚಾರಣೆಗೆ ಬಂದಿತು. ವಿವಾಹಸಂಬಂಧದ ವಿವಾದವೊಂದರಲ್ಲಿ ಅವರ ಮಗಳು ಕಕ್ಷಿದಾರಳಾಗಿದ್ದಳು. ವಿವಾದ ರಾಜಿಯಲ್ಲಿ ಮುಗಿದಿತ್ತು. ಆದರೆ ಆ ಕುರಿತ ನ್ಯಾಯಾಲಯದ ಆದೇಶ ಅಂತರಜಾಲದಲ್ಲಿತ್ತು. ಯಾರಾದರೂ ಆಕೆಯ ಹೆಸರನ್ನು ಹುಡುಕಿದರೆ ಮುಗಿದುಹೋದ ಆ ಕಥೆಯೇ ಮೊದಲು ಕಣ್ಣಿಗೆ ಬೀಳುವುದೆಂದೂ, ಅದರಿಂದ ಆಕೆಯ ಸಂಸಾರಕ್ಕೂ ಮಾನಕ್ಕೂ ಧಕ್ಕೆಯೆಂದೂ ತಂದೆ ಅಂಜಿದರು. ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿಯವರು ಆ ಕಳವಳವನ್ನು ಮನ್ನಿಸಿ, ಸಾರ್ವಜನಿಕ ಹುಡುಕಾಟದಲ್ಲಿ ಆಕೆಯ ಹೆಸರು ಕಾಣದಂತೆ ಸಾಧ್ಯವಾದ ಪ್ರಯತ್ನವನ್ನು ಮಾಡಬೇಕೆಂದು ನ್ಯಾಯಾಲಯದ ಕಚೇರಿಗೆ ನಿರ್ದೇಶಿಸಿದರು. 'ಮರೆತುಹೋಗುವ ಹಕ್ಕು' ಎಂದು ಈಗ ಚರ್ಚೆಯಲ್ಲಿರುವ ವಿಚಾರಕ್ಕೆ ನಮ್ಮ ದೇಶದ ನ್ಯಾಯಾಲಯಗಳು ಕಿವಿಗೊಟ್ಟ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಯುರೋಪಿನ ಉನ್ನತ ನ್ಯಾಯಾಲಯವು 2014ರಲ್ಲಿ ಸ್ಪೇನ್ ದೇಶದ ಪ್ರಜೆಯೊಬ್ಬರ ಪರವಾಗಿ ಇಂಥದೇ ತೀರ್ಪು ನೀಡಿತ್ತು. 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿದ್ದ, ಸಾಲಕ್ಕಾಗಿ ಅವರ ಆಸ್ತಿ ಹರಾಜಾಗುವ ಪ್ರಕಟಣೆ ಅವರನ್ನು ಅಷ್ಟು ವರ್ಷ ಬೆನ್ನಟ್ಟಿತ್ತು.

ಈ ತಂದೆಯ ಪ್ರಸಂಗವನ್ನು ನಾವು ಗಮನಿಸಬೇಕು. ಮಗಳ ಒಂದು ಹೆಸರನ್ನು ಮರೆಮಾಡಲು ಅವರು ಉಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಅದೇ ಹೊತ್ತಿಗೆ ನಮ್ಮ ಎಷ್ಟೋ ಮನೆಗಳಲ್ಲಿ ತಂದೆತಾಯಿಯರೇ ಮಕ್ಕಳ ಹೆಸರು, ಜನ್ಮದಿನ, ಶಾಲೆ, ಸಮವಸ್ತ್ರ, ಅಂಕಪಟ್ಟಿ ಎಲ್ಲವನ್ನೂ ಜಗತ್ತಿನ ಮುಂದೆ ಹರಡುತ್ತಿದ್ದಾರೆ.

ಮಗುವಿನ ಒಪ್ಪಿಗೆ ಯಾರು ಕೇಳಿದರು?

ಮಗುವಿನ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಶಾಲೆಯ ಬಹುಮಾನ ಇವೆಲ್ಲ ಸಂತಸದ ಗಳಿಗೆಗಳೇ. ದೂರದ ಅಜ್ಜಿ ತಾತಂದಿರಿಗೆ ಚಿತ್ರ ಕಳುಹಿಸಬಾರದೆಂದು ಯಾರೂ ಹೇಳರು. ಅಜ್ಜಿಗೆ ಕಳುಹಿಸುವುದು ಬೇರೆ; ಐನೂರು ಮಂದಿ 'ಸ್ನೇಹಿತ'ರ ಮುಂದಿಡುವುದು ಬೇರೆ. ತೊಟ್ಟಿಲಿನ ಕೂಸು 'ಬೇಡ' ಎನ್ನಲಾರದು. ಅದೇ ಮಗು ಹದಿನೈದರ ಪ್ರಾಯಕ್ಕೆ ಬಂದು, "ಅಮ್ಮ, ಆ ಫೋಟೊ ತೆಗೆದುಬಿಡಿ, ಕ್ಲಾಸಿನಲ್ಲಿ ಎಲ್ಲರೂ ನಗುತ್ತಾರೆ" ಎಂದಾಗ ಅನೇಕ ತಾಯಂದಿರು, "ನಾನು ಹೆತ್ತವಳು, ನನಗೆ ಹಕ್ಕಿಲ್ಲವೇ?" ಎಂದು ಮುನಿಯುವುದುಂಟು. ಮಕ್ಕಳು ನಮ್ಮಿಂದ ಬಂದವರು ನಿಜ, ನಮ್ಮ ಸೊತ್ತಲ್ಲ. ನಮ್ಮ ಪೋಷಣೆಗೆ ದೇವರು ಒಪ್ಪಿಸಿದವರು.

ಮುಖವೊಂದು ಸಾರ್ವಜನಿಕವಾದ ಮೇಲೆ ಅದರ ಗತಿ ಏನಾಗಬಹುದೆಂಬುದಕ್ಕೆ 2023ರ ನವೆಂಬರಿನ ಘಟನೆಯೊಂದೇ ಸಾಕು. ನಮ್ಮ ಕೊಡಗಿನವರಾದ ಚಿತ್ರನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಕೃತಕ ಬುದ್ಧಿಮತ್ತೆಯ ತಂತ್ರದಿಂದ ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿ ಹರಿಯಬಿಡಲಾಯಿತು. ದೇಶವೇ ತಲ್ಲಣಿಸಿತು, ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆರೋಪಿಯನ್ನು ಬಂಧಿಸಿದರು. ಹೆಸರಾಂತ ನಟಿಗೆ ನಾಡೇ ಬೆಂಬಲವಾಗಿ ನಿಂತಿತು. ಕಾರ್ಖಾನೆಯಲ್ಲಿ ದುಡಿಯುವ ನಮ್ಮ ನೆರೆಯ ಹುಡುಗಿಗೆ ಇಂಥದು ಸಂಭವಿಸಿದರೆ ಆಕೆಯ ಬೆನ್ನಿಗೆ ನಿಲ್ಲುವವರು ಯಾರು? ಹೀಗೆ ಚಿತ್ರ ಬಳಸಿ ಬೆದರಿಸುವವರಿಗೆ ದೊಡ್ಡ ಬಲವೆಂದರೆ ಮನೆಯವರು ಬೈದಾರೆಂಬ ಹೆಣ್ಣುಮಗಳ ಅಂಜಿಕೆ. ಆದ್ದರಿಂದ ಮಕ್ಕಳಿಗೆ ಮೊದಲು ನೀಡಬೇಕಾದ ಅಭಯ ಇದು: "ಏನೇ ಆಗಿರಲಿ, ಮೊದಲು ನಮ್ಮ ಬಳಿಗೆ ಬಾ. ನಾವಿದ್ದೇವೆ." ಫೋನಿನ ಬೀಗಕ್ಕಿಂತ ಈ ಒಂದು ಮಾತು ಹೆಚ್ಚು ಗಟ್ಟಿ.

ಮುರ್ಕಿಯಲ್ಲಿ ನಡೆದದ್ದು

ಪರರ ಚಿತ್ರವನ್ನು ವಿಚಾರಿಸದೆ ದಾಟಿಸುವುದು ಕೊಲೆಯವರೆಗೂ ಹೋಗಬಹುದೆಂಬುದನ್ನು ನಮ್ಮ ರಾಜ್ಯ ಕಣ್ಣಾರೆ ಕಂಡಿದೆ. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಬೀದರ್ ಜಿಲ್ಲೆಗೆ ಬಂದಿದ್ದ ಸ್ನೇಹಿತರ ಗುಂಪೊಂದು ಹಳ್ಳಿಯೊಂದರ ಬಳಿ ಕಾರು ನಿಲ್ಲಿಸಿ, ಅಲ್ಲಿದ್ದ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಹಂಚಿತು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ವದಂತಿ ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಹಬ್ಬಿತ್ತು. ಜನ ಅನುಮಾನಿಸಿದರು, ಬಂದವರು ಹೆದರಿ ಕಾರಿನಲ್ಲಿ ಹೊರಟರು. ಆದರೆ ಕಾರಿಗಿಂತ ವೇಗವಾಗಿ ಅವರ ಸುದ್ದಿ ವಾಟ್ಸಾಪಿನಲ್ಲಿ ಮುಂದಿನ ಊರಾದ ಮುರ್ಕಿಗೆ ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪು ಅವರನ್ನು ಹೊಡೆಯಿತು. ಸಾಫ್ಟ್‌ವೇರ್ ಉದ್ಯೋಗಿಯಾಗಿದ್ದ ಒಬ್ಬ ಯುವಕ ಪ್ರಾಣ ಕಳೆದುಕೊಂಡನು, ಜೊತೆಗಿದ್ದವರು ಗಾಯಗೊಂಡರು. ಬಂಧಿತರಾದವರಲ್ಲಿ ವಾಟ್ಸಾಪ್ ಗುಂಪಿನ ಮೇಲ್ವಿಚಾರಕನೂ ಇದ್ದನು.

ಆ ಸಂದೇಶವನ್ನು ಮುಂದೆ ಕಳುಹಿಸಿದವರಲ್ಲಿ ಕೊಲೆಯ ಉದ್ದೇಶ ಎಷ್ಟು ಮಂದಿಗಿತ್ತು? ಬಹುಮಂದಿ, ತಾವು ಮಕ್ಕಳ ಹಿತಕ್ಕಾಗಿಯೇ ಎಚ್ಚರಿಸುತ್ತಿದ್ದೇವೆ ಎಂದು ನಂಬಿರಬೇಕು. ಒಬ್ಬೊಬ್ಬರ ಪಾಲು ಬೆರಳಿನ ಒಂದು ಒತ್ತು ಮಾತ್ರ. ಆ ಒತ್ತುಗಳೆಲ್ಲ ಕೂಡಿ ಒಂದು ಜೀವ ಹೋಯಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ಘೋಷಿಸಿತು; 2020ರ ಏಪ್ರಿಲಿನಲ್ಲಿ, ಈಗಾಗಲೇ ಬಹಳ ಸಲ ಕೈಬದಲಿಸಿದ ಸಂದೇಶಗಳನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಮತ್ತಷ್ಟು ಬಿಗಿಗೊಳಿಸಿತು. ಯಂತ್ರಕ್ಕೆ ಕಡಿವಾಣ ಬಿತ್ತು. ಆತ್ಮಸಾಕ್ಷಿಗೆ ಕಡಿವಾಣ ಹಾಕಬೇಕಾದವರು ನಾವೇ.

ಸತ್ಯವಾದ ಮಾತ್ರಕ್ಕೆ ಸಾರಬಹುದೇ?

"ಸುಳ್ಳು ಹರಡಬಾರದು, ಒಪ್ಪಿದೆ. ಆದರೆ ನಾನು ಕಳುಹಿಸಿದ್ದು ನಿಜವೇ ಅಲ್ಲವೇ?" ಎಂದು ವಾದಿಸುವವರಿದ್ದಾರೆ. ಇಲ್ಲಿ ನೀತಿಶಾಸ್ತ್ರ ಒಂದು ಸೂಕ್ಷ್ಮವಾದ ಭೇದವನ್ನು ಗುರುತಿಸುತ್ತದೆ. ಇಲ್ಲದ ದೋಷವನ್ನು ಹೊರಿಸುವುದು ಸುಳ್ಳು ಅಪವಾದ. ಇರುವ ದೋಷವನ್ನೇ ತಕ್ಕ ಕಾರಣವಿಲ್ಲದೆ, ತಿಳಿಯಬೇಕಿಲ್ಲದವರಿಗೆ ತಿಳಿಸಿ ಒಬ್ಬರ ಹೆಸರು ಕೆಡಿಸುವುದು ಇನ್ನೊಂದು ಬಗೆಯ ತಪ್ಪು. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇವೆರಡನ್ನೂ ಬೇರೆಬೇರೆಯಾಗಿ ಹೆಸರಿಸಿ, ಎರಡೂ ದೋಷಗಳೇ ಎಂದು ಬೋಧಿಸುತ್ತದೆ. 1983ರ ಧರ್ಮಸಭಾ ಕಾನೂನಿನ 220ನೆಯ ವಿಧಿಯು ಯಾರೊಬ್ಬರ ಸತ್ಕೀರ್ತಿಗೂ ಅನ್ಯಾಯವಾಗಿ ಹಾನಿ ಮಾಡಬಾರದೆಂದೂ, ಪ್ರತಿಯೊಬ್ಬರಿಗೂ ತಮ್ಮ ಗೌಪ್ಯತೆಯನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದೂ ಹೇಳುತ್ತದೆ. ಆಗ ಫೇಸ್‌ಬುಕ್ ಹುಟ್ಟಲು ಇನ್ನೂ 21 ವರ್ಷ ಬಾಕಿಯಿತ್ತು!

ಯಾವುದನ್ನು ಸಾರಬೇಕು, ಯಾವುದನ್ನು ಬಚ್ಚಿಡಬೇಕು ಎಂಬ ವಿವೇಚನೆ ನಮ್ಮ ಪರಂಪರೆಗೆ ಹೊಸದಲ್ಲ. ಮದುವೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತೇವೆ. ಅದು ಸಮುದಾಯ ತಿಳಿಯಬೇಕಾದ ಸಂಗತಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುವು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಒಂದೇ ದೇವಾಲಯದ ಮಾಡಿನ ಕೆಳಗೆ ಘೋಷಣೆಗೂ ಮೌನಕ್ಕೂ ತಮ್ಮತಮ್ಮ ಸ್ಥಾನವಿದೆ.

ಆದರೂ ಇಂದು ನಮ್ಮ ಭಕ್ತ ಕುಟುಂಬಗಳಲ್ಲಿ ಪರರ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಹಗೆಯಿಂದಲ್ಲ, ಪ್ರಾರ್ಥನೆಯ ಹೆಸರಿನಲ್ಲಿ. "ತುರ್ತು ಪ್ರಾರ್ಥನೆ ಬೇಕಾಗಿದೆ" ಎಂದು ಆರಂಭವಾಗುವ ಸಂದೇಶಗಳನ್ನು ನೋಡಿರಿ. ರೋಗಿಯ ಪೂರ್ಣ ಹೆಸರು, ರೋಗದ ಹೆಸರು, ಆಸ್ಪತ್ರೆಯ ಕೊಠಡಿ, ಮೂಗಿಗೆ ನಳಿಕೆ ಹಾಕಿದ ಚಿತ್ರ ಎಲ್ಲವೂ ಅದರಲ್ಲಿರುತ್ತದೆ. ದೇವರಿಗೆ ಈ ವಿವರಗಳ ಅಗತ್ಯವಿಲ್ಲ, ಆತನು ಬಲ್ಲನು. ಬದುಕಿನುದ್ದಕ್ಕೂ ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಬೀದಿಗಿಳಿಯದ ಹಿರಿಯರೊಬ್ಬರು ಎಚ್ಚರ ತಪ್ಪಿ ಮಲಗಿರುವಾಗ, ಆ ಸ್ಥಿತಿಯಲ್ಲಿ ನೂರಾರು ಜನರ ಕಣ್ಣಿಗೆ ಬೀಳಲು ಅವರು ಒಪ್ಪುತ್ತಿದ್ದರೇ? "ಇಂಥವರ ಮಗಳ ಸಂಸಾರ ಸರಿಹೋಗಲೆಂದು ಪ್ರಾರ್ಥಿಸಿರಿ" ಎಂಬ ಒಂದು ಸಾಲು ಸಾಕು, ಆ ಮನೆಯ ಕಿರಿಯ ಮಗಳ ವಿವಾಹಸಂಬಂಧ ಮುರಿಯಲು. "ಅಸ್ವಸ್ಥರಾದ ಒಬ್ಬ ಸಹೋದರರಿಗಾಗಿ ಪ್ರಾರ್ಥಿಸೋಣ" ಎಂದರೆ ಸಾಲದೇ? ಮರಣದ ಮನೆಯಲ್ಲಿಯೂ ಹೀಗೆಯೇ. ಅಂತ್ಯಕ್ರಿಯೆಯನ್ನು ದೂರದ ಮಕ್ಕಳಿಗಾಗಿ ನೇರಪ್ರಸಾರ ಮಾಡುವುದು ಉಪಕಾರ. ಗೋಳಿಡುತ್ತಿರುವ ವಿಧವೆಯ ಮುಖದ ಹತ್ತಿರಕ್ಕೆ ಕ್ಯಾಮೆರಾ ಒಯ್ಯುವುದು ಉಪಕಾರವಲ್ಲ.

ವಂಚಕರಿಗೆ ನಾವೇ ಕೊಡುವ ವಿವರ

ನಾವು ಹಂಚಿಕೊಳ್ಳುವ ವಿವರಗಳನ್ನು ಸ್ನೇಹಿತರು ಮಾತ್ರವೇ ಓದುವುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ 'ಮನದ ಮಾತು' ಬಾನುಲಿ ಕಾರ್ಯಕ್ರಮದಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಮೋಸದ ಕುರಿತು ದೇಶವನ್ನು ಎಚ್ಚರಿಸಿದಾಗ ಕೇಳಿಸಿದ ಧ್ವನಿ ನಮ್ಮ ವಿಜಯಪುರದ ವ್ಯಕ್ತಿಯೊಬ್ಬರದು. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ಬೆದರಿಸುವುದು ಈ ವಂಚಕರ ವಿಧಾನ. ಮೊದಲು ವ್ಯಕ್ತಿಯ ವಿವರಗಳನ್ನೆಲ್ಲ ಕಲೆಹಾಕುವುದು, ಬಳಿಕ ಭಯ ಹುಟ್ಟಿಸುವುದು, ಕೊನೆಗೆ ಸಮಯವಿಲ್ಲವೆಂದು ಅವಸರಪಡಿಸುವುದು ಅವರ ಕ್ರಮ. ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ಯಾರನ್ನಾದರೂ ಬಂಧಿಸುವ ಯಾವ ಕಾನೂನೂ ನಮ್ಮ ದೇಶದಲ್ಲಿಲ್ಲ. ಮಗ ಯಾವ ಊರಿನಲ್ಲಿ ಓದುತ್ತಿದ್ದಾನೆ, ಮನೆಯಲ್ಲಿ ಈಗ ಯಾರಿದ್ದಾರೆ ಎಂಬುದು ನಮ್ಮ ಪುಟದಲ್ಲೇ ಬರೆದಿದ್ದರೆ ಅವರ ಮೊದಲ ಕೆಲಸ ಅಷ್ಟು ಹಗುರವಾಯಿತು. ಸೆಪ್ಟೆಂಬರಿನಲ್ಲಿ ಕುಟುಂಬಸಮೇತ ವೇಲಾಂಗಣಿ ಯಾತ್ರೆಗೆ ಹೊರಟವರು ರೈಲಿನಿಂದಲೇ ಚಿತ್ರ ಹಾಕಿದರೆ ಭಕ್ತಿಯ ಜೊತೆಗೆ ಮನೆಗೆ ಬೀಗ ಬಿದ್ದಿರುವುದನ್ನೂ ಪ್ರಕಟಿಸಿದಂತೆ. ಯಾತ್ರೆ ಮುಗಿಸಿ ಬಂದ ಮೇಲೆ ಹಾಕಿದರೆ ಮಾತೆಯ ಮಹಿಮೆಗೆ ಕುಂದೇನೂ ಬಾರದು.

ವಾಟ್ಸಾಪ್ ಸಂದೇಶಗಳು 2016ರಿಂದ ಪೂರ್ಣ ಗೂಢಲಿಪಿಯಲ್ಲಿ ಸಾಗುತ್ತವೆ, ನಡುದಾರಿಯಲ್ಲಿ ಯಾರೂ ಓದಲಾರರು ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ನಿಜ. ಆದರೆ ಅರಗಿನ ಮುದ್ರೆ ದಾರಿಯನ್ನು ಕಾಯುತ್ತದೆ, ಕಾಗದ ಪಡೆದವನನ್ನು ಕಾಯುವುದಿಲ್ಲ. ತಲುಪಿದ ಸಂದೇಶದ ಚಿತ್ರ ತೆಗೆದು ಇನ್ನೊಬ್ಬರಿಗೆ ತೋರಿಸಲು ಒಂದು ಕ್ಷಣ ಸಾಕು.

ಮನೆಮಂದಿ ಕುಳಿತು ಮಾಡಬೇಕಾದುದು

ಒಂದು ಭಾನುವಾರ ಊಟವಾದ ಮೇಲೆ ಮನೆಮಂದಿಯೆಲ್ಲ ಫೋನುಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿರಿ. ಇದರಲ್ಲಿ ಮಕ್ಕಳು ಹಿರಿಯರಿಗಿಂತ ಜಾಣರು, ಅವರೇ ಗುರುಗಳಾಗಲಿ.

1. ವಾಟ್ಸಾಪಿನ 'ಸೆಟ್ಟಿಂಗ್ಸ್'ನೊಳಗೆ 'ಪ್ರೈವಸಿ' ಎಂಬಲ್ಲಿ ನಿಮ್ಮ ಭಾವಚಿತ್ರ, ಸ್ಟೇಟಸ್ ಇವು ಪರಿಚಿತರಿಗೆ ಮಾತ್ರ ಕಾಣುವಂತೆ ಮಾಡಿರಿ. ಸಿಕ್ಕಸಿಕ್ಕವರು ನಿಮ್ಮನ್ನು ಗುಂಪುಗಳಿಗೆ ಸೇರಿಸದಂತೆ ತಡೆಯುವ ಅನುಕೂಲವೂ ಅಲ್ಲಿಯೇ ಇದೆ.

2. ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿ ಆರಂಕಿಯ ಗುಪ್ತಸಂಖ್ಯೆಯೊಂದನ್ನು ಇಟ್ಟುಕೊಳ್ಳಿರಿ. ಫೋನಿಗೆ ಬರುವ ಒಟಿಪಿಯನ್ನು ಬ್ಯಾಂಕಿನವರೆಂದರೂ, ಪೊಲೀಸರೆಂದರೂ, ಗುರುಗಳ ಹೆಸರು ಹೇಳಿದರೂ ಯಾರಿಗೂ ತಿಳಿಸದಿರಿ.

3. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಖಾತೆಗಳನ್ನು ಪರಿಚಿತರಿಗೆ ಸೀಮಿತಗೊಳಿಸಿರಿ. ಮಕ್ಕಳ ಜನ್ಮದಿನಾಂಕ, ಶಾಲೆಯ ಹೆಸರು, ಮನೆಯ ವಿಳಾಸ ಅಲ್ಲಿರಬಾರದು. ಕ್ಯಾಮೆರಾದಲ್ಲಿ ಸ್ಥಳ ದಾಖಲಾಗುವ ಸೌಲಭ್ಯವನ್ನು ನಿಲ್ಲಿಸಿರಿ.

4. ಆಧಾರ್ ಪ್ರತಿಯನ್ನು ಕಳುಹಿಸಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಪ್ರತಿ ದೊರೆಯುತ್ತದೆ. ಎಲ್ಲಿ ಅದು ಸಾಕೋ ಅಲ್ಲಿ ಅದನ್ನೇ ಬಳಸಿರಿ.

5. ಇನ್ನೊಬ್ಬರ ಚಿತ್ರ ಹಾಕುವ ಮುನ್ನ ಅವರನ್ನು ಕೇಳಿರಿ, ಮಗುವನ್ನೂ ಕೇಳಿರಿ. ಧರ್ಮಕೇಂದ್ರದ ಗುಂಪುಗಳನ್ನು ನಡೆಸುವವರು ಮಕ್ಕಳ ಚಿತ್ರಗಳಿಗೆ ಹೆತ್ತವರ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆಯಲಿ.

6. ಮೃತರ ಖಾತೆಗಳನ್ನು ಅನಾಥವಾಗಿ ಬಿಡಬೇಡಿರಿ. ತನ್ನ ನಂತರ ಖಾತೆಯನ್ನು ನೋಡಿಕೊಳ್ಳುವವರನ್ನು ಮೊದಲೇ ಹೆಸರಿಸುವ ಅವಕಾಶ ಫೇಸ್‌ಬುಕ್ಕಿನಲ್ಲಿದೆ.

7. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಚಿತ್ರಗಳ ದುರುಪಯೋಗವಾದರೆ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ, ಇಲ್ಲವೇ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳಿರಿ. ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯುವುದಕ್ಕೂ ಹರಡುವುದಕ್ಕೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಪ್ರಕರಣದಡಿ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಮಕ್ಕಳ ರಕ್ಷಣೆಗೆ 1098 ಇದೆ.

ಇವೆಲ್ಲವೂ ಬೀಗಗಳು. ಬೀಗ ಬೇಕು, ಆದರೆ ಬೀಗದಿಂದಲೇ ಮನೆಯಾಗದು. ಜಾಲತಾಣಗಳನ್ನು ತೊರೆದು ಓಡಬೇಕೆಂದು ನಾನು ಹೇಳುತ್ತಿಲ್ಲ. ದೂರದ ದೇಶದಲ್ಲಿ ದುಡಿಯುವ ಮಗನ ಮುಖವನ್ನು ತಾಯಿ ಪ್ರತಿದಿನ ಕಾಣುವುದು, ಕೋವಿಡ್ ದಿನಗಳಲ್ಲಿ ಮುಚ್ಚಿದ ದೇವಾಲಯದ ಬಲಿಪೂಜೆಯಲ್ಲಿ ಮನೆಯಿಂದಲೇ ಭಾಗಿಯಾದದ್ದು, ರಕ್ತ ಬೇಕೆಂದ ಗಳಿಗೆಯಲ್ಲಿ ಹತ್ತು ಮಂದಿ ಯುವಕರು ಆಸ್ಪತ್ರೆಗೆ ಧಾವಿಸುವುದು ಇದೇ ಸಾಧನದಿಂದ. ಬೆಂಕಿಯಿಂದ ಅಡುಗೆಯೂ ಆಗುತ್ತದೆ, ಮನೆಯೂ ಸುಡುತ್ತದೆ. ಒಲೆಯ ಕಟ್ಟೆ ಎಲ್ಲಿದೆ ಎಂಬುದು ಮುಖ್ಯ.

ಓದುಗ ಬಂಧುಗಳೇ, ಏನನ್ನಾದರೂ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳೋಣ. ಇದು ಯಾರದು? ಅವರು ಒಪ್ಪುವರೇ? ಇದರಿಂದ ಯಾರಿಗಾದರೂ ಒಳಿತುಂಟೇ? ಮೂರರಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ಬೆರಳು ಹಿಂದಕ್ಕೆ ಸರಿಯಲಿ. ನೆರೆಯವರು ನಂಬಿ ಒಪ್ಪಿಸಿದ ಒಡವೆಯನ್ನು ಜೋಪಾನ ಮಾಡಿ ಹಾಗೆಯೇ ಮರಳಿಸಿದವರು ನಮ್ಮ ಹಿರಿಯರು. ಇಂದು ಅದೇ ನೆರೆಯವರ ಮುಖ, ಮಾತು, ನೋವುಗಳು ನಮ್ಮ ಫೋನಿನಲ್ಲಿವೆ. ಅವನ್ನೂ ಒಡವೆಯಂತೆಯೇ ಕಾಯೋಣ.